ದುಬೈ ವಿಮಾನ ನಿಲ್ದಾಣದಿಂದ ಬುರ್ಜ್ ಖಲೀಫಾಕ್ಕೆ: ವಯಸ್ಸಾದವರನ್ನು ಕರೆದುಕೊಂಡು ಹೋಗಲು ಯಾವ ದಾರಿ ಒಳ್ಳೆಯದು?

ನೀರ್ಚಾಲಿನ ಓದುಗಿ

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ಅಪ್ಪ, ಅಮ್ಮ ಮತ್ತು ಹತ್ತು ವರ್ಷದ ಮಗನನ್ನು ಕರೆದುಕೊಂಡು ದುಬೈಗೆ ಹೊರಡುವುದೆಂದು ನಿಶ್ಚಯವಾಗಿದೆ. ತಮ್ಮ ಅಲ್ಲಿ ಕರಾಮದಲ್ಲಿ ವಾಸವಾಗಿದ್ದಾನೆ. ಆದರೆ ನಾವು ಇಳಿಯುವ ಬೆಳಿಗ್ಗೆ ಅವನಿಗೆ ಪಾಳಿಯ ಕೆಲಸವಿದ್ದು, ಮಧ್ಯಾಹ್ನದ ಮೇಲಷ್ಟೇ ಬಿಡುವು. ಹಾಗಾಗಿ ವಿಮಾನ ನಿಲ್ದಾಣದಿಂದ ಹೊರಗೆ ಬಂದ ಮೇಲೆ ನಮ್ಮ ದಾರಿಯನ್ನು ನಾವೇ ನೋಡಿಕೊಳ್ಳಬೇಕು.

ಅಪ್ಪ ನಿವೃತ್ತ ಮಾಸ್ತರು. ಬುರ್ಜ್ ಖಲೀಫಾ ಇನ್ನೂ ‘ಬುರ್ಜ್ ದುಬೈ’ ಎಂಬ ಹೆಸರಿನಲ್ಲಿ ಮೇಲೇಳುತ್ತಿದ್ದ ಕಾಲದಿಂದಲೂ ಅದರ ಕುರಿತ ಪತ್ರಿಕೆಯ ತುಣುಕುಗಳನ್ನು ಕತ್ತರಿಸಿ ಪುಸ್ತಕಕ್ಕೆ ಅಂಟಿಸಿಟ್ಟವರು. ವಿಮಾನದಿಂದ ಇಳಿದ ಕೂಡಲೇ ಮೊದಲು ಅದನ್ನೇ ನೋಡಬೇಕೆಂಬುದು ಅವರ ಆಸೆ. ಅಮ್ಮನಿಗೆ ಮೊಣಕಾಲು ನೋವಿದೆ. ಸಮತಟ್ಟಾದ ಕಡೆ ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಹತ್ತುವುದು ಕಷ್ಟ, ಚಲಿಸುವ ಮೆಟ್ಟಿಲೆಂದರೆ ಭಯ. ನಮ್ಮೊಂದಿಗೆ ನಾಲ್ಕು ದೊಡ್ಡ ಪೆಟ್ಟಿಗೆಗಳೂ, ತಮ್ಮನಿಗೆಂದು ಕಟ್ಟಿದ ಒಂದು ಕಾರ್ಟನ್ನೂ ಇರುತ್ತವೆ.

ನಿಲ್ದಾಣದಿಂದ ನೇರವಾಗಿ ಬುರ್ಜ್ ಖಲೀಫಾಕ್ಕೆ ಹೋಗಲು ಮೆಟ್ರೋ ಒಳ್ಳೆಯದೋ ಟ್ಯಾಕ್ಸಿ ಒಳ್ಳೆಯದೋ? ಹೋಗಿ ಬಂದವರು, ಅಲ್ಲಿಯೇ ಇರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉಪ್ಪಳದವ, ದೇರಾದಲ್ಲಿ ವಾಸ

ಅಕ್ಕ, ಮೊದಲು ಮೆಟ್ರೋ ವಿಚಾರ ಹೇಳುತ್ತೇನೆ, ಏಕೆಂದರೆ ಅದನ್ನು ಸರಿಯಾಗಿ ತಿಳಿದುಕೊಂಡರೆ ನೀವು ಅಲ್ಲಿರುವಷ್ಟು ದಿನವೂ ಉಪಯೋಗಕ್ಕೆ ಬರುತ್ತದೆ. ದುಬೈ ಮೆಟ್ರೋದ ಕೆಂಪು ಮಾರ್ಗ 2009ರ ಸೆಪ್ಟೆಂಬರ್ 9ರಂದು ಆರಂಭವಾಯಿತು. ವಿಮಾನ ನಿಲ್ದಾಣದ ಟರ್ಮಿನಲ್ 1 ಮತ್ತು ಟರ್ಮಿನಲ್ 3 ಎರಡಕ್ಕೂ ಅದೇ ಮಾರ್ಗದಲ್ಲಿ ಪ್ರತ್ಯೇಕ ನಿಲ್ದಾಣಗಳಿವೆ. ‘ಬುರ್ಜ್ ಖಲೀಫಾ/ದುಬೈ ಮಾಲ್’ ಎಂಬ ನಿಲ್ದಾಣವೂ ಅದೇ ಮಾರ್ಗದಲ್ಲಿರುವುದರಿಂದ ನಡುವೆ ರೈಲು ಬದಲಿಸುವ ತಾಪತ್ರಯವಿಲ್ಲ. ಎಕ್ಸ್‌ಪೋ ಅಥವಾ ಜೆಬೆಲ್ ಅಲಿ ಕಡೆಗೆ ಹೋಗುವ ರೈಲು ಹತ್ತಬೇಕು. ಎದುರಿನ ದಿಕ್ಕಿನದು ಸೆಂಟರ್‌ಪಾಯಿಂಟ್ ಕಡೆಗೆ ಹೋಗುತ್ತದೆ. ಪ್ರಯಾಣ ಹೆಚ್ಚುಕಡಿಮೆ ಅರ್ಧ ಗಂಟೆ.

ಟಿಕೆಟ್‌ಗೆ ನೋಲ್ ಕಾರ್ಡ್ ಬೇಕು. ಕೆಲವೇ ದಿನಗಳಿಗೆ ಬರುವವರಿಗೆ ಕೆಂಪು ಕಾಗದದ ಕಾರ್ಡ್ ಇದೆ, ಅದರ ಬೆಲೆ 2 ದಿರ್ಹಮ್. ವಾರಕ್ಕಿಂತ ಹೆಚ್ಚು ಕಾಲ ಇದ್ದು ಆಗಾಗ ಓಡಾಡುವವರು 25 ದಿರ್ಹಮ್ ಕೊಟ್ಟು ಬೆಳ್ಳಿ ಬಣ್ಣದ ಕಾರ್ಡ್ ತೆಗೆದುಕೊಳ್ಳುವುದು ಒಳ್ಳೆಯದು. ಅದರಲ್ಲಿ 19 ದಿರ್ಹಮ್ ಪ್ರಯಾಣಕ್ಕೆಂದೇ ತುಂಬಿರುತ್ತದೆ. ನಗರವನ್ನು ವಲಯಗಳಾಗಿ ವಿಂಗಡಿಸಿದ್ದಾರೆ. ವಿಮಾನ ನಿಲ್ದಾಣ 5ನೆಯ ವಲಯದಲ್ಲೂ ಬುರ್ಜ್ ಖಲೀಫಾ 6ನೆಯ ವಲಯದಲ್ಲೂ ಇರುವುದರಿಂದ ಬೆಳ್ಳಿ ಕಾರ್ಡಿಗೆ 5 ದಿರ್ಹಮ್, ಕೆಂಪು ಕಾರ್ಡಿಗೆ 6 ದಿರ್ಹಮ್ ತಗಲುತ್ತದೆ. ಒಬ್ಬರ ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ, ಆದ್ದರಿಂದ ನಿಮ್ಮ ಮಗನಿಗೂ ಪ್ರತ್ಯೇಕ ಕಾರ್ಡ್ ಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಉಚಿತ.

ಇನ್ನೊಂದು ವಿಷಯವನ್ನು ಅಪ್ಪನಿಗೆ ಮೊದಲೇ ಹೇಳಿಡಿ. ಮಹಿಳೆಯರಿಗೂ ಮಕ್ಕಳಿಗೂ ಮೀಸಲಾದ ಡಬ್ಬಿಯ ಭಾಗವನ್ನು ನೆಲದ ಮೇಲೆ ಗುಲಾಬಿ ಗೆರೆಯಿಂದ ಗುರುತಿಸಿರುತ್ತಾರೆ. ಗಂಡಸರು ಆ ಗೆರೆ ದಾಟಿದರೆ 100 ದಿರ್ಹಮ್ ದಂಡ. ರೈಲಿನೊಳಗೆ ಮತ್ತು ನಿಲ್ದಾಣದೊಳಗೆ ತಿನ್ನುವುದಕ್ಕೂ ಕುಡಿಯುವುದಕ್ಕೂ ಅಷ್ಟೇ ದಂಡವಿದೆ. ಕುಟುಂಬ ಒಟ್ಟಿಗೆ ಇರಬೇಕೆಂದಾದರೆ ಸಾಮಾನ್ಯ ಡಬ್ಬಿಯಲ್ಲೇ ಹೋಗಿ.

ಮುಳ್ಳೇರಿಯದ ಹಿರಿಯ

ಉಪ್ಪಳದವರು ಹೇಳಿದ್ದೆಲ್ಲವೂ ಸರಿಯಾಗಿದೆ. ಆದರೆ ಈ ಪ್ರಶ್ನೆ ಕೇಳಿದವರ ಮನೆಯಲ್ಲಿ ಮೊಣಕಾಲು ನೋವಿರುವ ಅಮ್ಮ ಇದ್ದಾರೆ ಎಂಬುದನ್ನು ನಾವು ಮರೆಯಬಾರದು. ಮಗಳ ಮನೆಗೆಂದು ದುಬೈಗೆ ಹೋದಾಗ ನನ್ನ ಪತ್ನಿಯೊಂದಿಗೆ ನಾನೂ ಅದೇ ಮೆಟ್ರೋದಲ್ಲಿ ಅಲ್ಲಿಗೆ ಹೋಗಿದ್ದೆ. ರೈಲಿನ ಪ್ರಯಾಣದಲ್ಲಿ ಯಾವ ಕಷ್ಟವೂ ಇರಲಿಲ್ಲ. ಕಷ್ಟ ಶುರುವಾದದ್ದು ರೈಲಿನಿಂದ ಇಳಿದ ಮೇಲೆ.

ನಿಲ್ದಾಣದ ಹೆಸರಿನಲ್ಲಿ ಬುರ್ಜ್ ಖಲೀಫಾ ಇದೆಯೆಂದು ಇಳಿದೊಡನೆ ಕಟ್ಟಡದ ಬುಡದಲ್ಲಿ ನಿಲ್ಲುತ್ತೇವೆ ಎಂದು ಯಾರೂ ಭಾವಿಸಬಾರದು. ನಿಲ್ದಾಣ ಇರುವುದು ಶೇಖ್ ಜಾಯದ್ ರಸ್ತೆಯ ಮಗ್ಗುಲಲ್ಲಿ. ಅಲ್ಲಿಂದ ದುಬೈ ಮಾಲ್‌ವರೆಗೆ ಸುಮಾರು 820 ಮೀಟರ್ ಉದ್ದದ, ಗಾಜಿನ ಗೋಡೆಗಳ, ಹವಾನಿಯಂತ್ರಿತ ಮೇಲ್ಸೇತುವೆಯಿದೆ. ನಡೆಯಲಾರದವರಿಗೆಂದು ಅದರಲ್ಲಿ ಚಲಿಸುವ ನೆಲವನ್ನು ಹಾಕಿದ್ದಾರೆ. ಆದರೆ ಅದು ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಇಲ್ಲ. ತುಂಡು ತುಂಡಾಗಿದೆ. ಒಂದು ತುಂಡು ಮುಗಿಯುವಲ್ಲಿ ಇಳಿಯಬೇಕು, ನಾಲ್ಕು ಹೆಜ್ಜೆ ಗಟ್ಟಿ ನೆಲದ ಮೇಲೆ ನಡೆಯಬೇಕು, ಮತ್ತೆ ಮುಂದಿನದಕ್ಕೆ ಕಾಲಿಡಬೇಕು. ಹಿಂದಿನಿಂದ ಜನ ಅವಸರದಲ್ಲಿ ಬರುತ್ತಿರುತ್ತಾರೆ. ಚಲಿಸುವ ನೆಲದ ಅಂಚಿನಲ್ಲಿ ನನ್ನ ಪತ್ನಿ ಒಂದು ಕೈಯಲ್ಲಿ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ತೋಳನ್ನು ಬಿಗಿಯಾಗಿ ಹಿಡಿದು, ಯಾವ ಕಾಲನ್ನು ಮೊದಲು ಇಡಬೇಕೆಂದು ತಿಳಿಯದೆ ನಿಂತುಬಿಟ್ಟಳು. ಕೊನೆಗೆ ಪಕ್ಕದ ಗಟ್ಟಿ ನೆಲದ ಮೇಲೆಯೇ ಅಷ್ಟೂ ದೂರವನ್ನು ನಿಧಾನವಾಗಿ ನಡೆದೆವು. ಸೇತುವೆ ಮುಗಿದ ಮೇಲೆ ಮಾಲ್‌ನ ಒಳಗೂ ಸಾಕಷ್ಟು ನಡಿಗೆ ಇದೆ, ಏಕೆಂದರೆ ಬುರ್ಜ್ ಖಲೀಫಾದ ಮೇಲಕ್ಕೆ ಹೋಗುವ ಪ್ರವೇಶದ್ವಾರ ಇರುವುದು ಮಾಲ್‌ನ ಕೆಳ ಅಂತಸ್ತಿನಲ್ಲಿ.

ವಯಸ್ಸಾದವರಿರುವ ಕುಟುಂಬಕ್ಕೆ ವಿಮಾನ ನಿಲ್ದಾಣದಿಂದ ಅಲ್ಲಿಯವರೆಗಿನ ಹದಿಮೂರು ಹದಿನಾಲ್ಕು ಕಿಲೋಮೀಟರಿಗಿಂತ ಈ ಕೊನೆಯ ಒಂದು ಕಿಲೋಮೀಟರೇ ಮುಖ್ಯ. ಅದನ್ನು ನೋಡಿಕೊಂಡು ವಾಹನವನ್ನು ಆರಿಸಿಕೊಳ್ಳಬೇಕೇ ಹೊರತು ಟಿಕೆಟ್ ದರವನ್ನು ನೋಡಿಕೊಂಡಲ್ಲ.

ಹೊಸಂಗಡಿಯ ಟಿಕೆಟ್ ಕೆಲಸದವ

ಹಿರಿಯರ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ. ಅದಕ್ಕೂ ಮೊದಲು ನೋಡಬೇಕಾದ ಒಂದು ವಿಷಯವಿದೆ. ನಿಮ್ಮ ಟಿಕೆಟ್‌ನಲ್ಲಿ ಇಳಿಯುವ ಟರ್ಮಿನಲ್ ಯಾವುದೆಂದು ನಮೂದಿಸಿರುತ್ತಾರೆ, ದಯವಿಟ್ಟು ಅದನ್ನು ಈಗಲೇ ತೆಗೆದು ನೋಡಿ. ಟರ್ಮಿನಲ್ 3 ಎಮಿರೇಟ್ಸ್ ವಿಮಾನ ಸಂಸ್ಥೆಯದು. ಟರ್ಮಿನಲ್ 1ರಲ್ಲಿ ಬೇರೆ ಬೇರೆ ದೇಶಗಳ ವಿಮಾನಗಳು ಇಳಿಯುತ್ತವೆ. ಟರ್ಮಿನಲ್ 2 ಓಡುದಾರಿಗಳ ಆಚೆ ಬದಿಯಲ್ಲಿ, ಉಳಿದೆರಡರಿಂದ ಪ್ರತ್ಯೇಕವಾಗಿದೆ. ಫ್ಲೈದುಬೈಯಂತಹ ಅಗ್ಗದ ದರದ ವಿಮಾನಗಳು ಹೆಚ್ಚಾಗಿ ಅಲ್ಲಿಯೇ ಇಳಿಯುವುದು, ಮತ್ತು ಅಲ್ಲಿ ಮೆಟ್ರೋ ನಿಲ್ದಾಣವೇ ಇಲ್ಲ. ನಮ್ಮ ಕಡೆಯಿಂದ ಹೋಗುವವರು ಎಷ್ಟೋ ಮಂದಿ ಮೆಟ್ರೋದ ನಕ್ಷೆಯನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಟರ್ಮಿನಲ್ 2ರಲ್ಲಿ ಇಳಿದು ಕಕ್ಕಾಬಿಕ್ಕಿಯಾಗುತ್ತಾರೆ. ಅಲ್ಲಿಂದ ಟ್ಯಾಕ್ಸಿ ಹಿಡಿಯುವುದೇ ಸರಿ. ಮೆಟ್ರೋಗಾಗಿ ಬಸ್ಸಿನಲ್ಲಿ ಮತ್ತೊಂದು ಟರ್ಮಿನಲ್‌ಗೆ ಹೋಗುವುದು ಪೆಟ್ಟಿಗೆಗಳಿರುವ ಕುಟುಂಬಕ್ಕೆ ಹೇಳಿಸಿದ್ದಲ್ಲ.

ಎರಡನೆಯದಾಗಿ ವಾರ ಮತ್ತು ವೇಳೆ. ಮೆಟ್ರೋ ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 5 ಗಂಟೆಗೆ ಆರಂಭವಾಗುತ್ತದೆ, ಭಾನುವಾರ ಮಾತ್ರ 8 ಗಂಟೆಗೆ. ರಾತ್ರಿ 12ಕ್ಕೆ ಮುಗಿಯುತ್ತದೆ, ಶುಕ್ರವಾರ ರಾತ್ರಿ 1 ಗಂಟೆಯವರೆಗೆ ಇರುತ್ತದೆ. ಭಾನುವಾರ ನಸುಕಿನಲ್ಲಿ ಇಳಿಯುವವರಿಗೆ ಟ್ಯಾಕ್ಸಿ ಬಿಟ್ಟರೆ ಬೇರೆ ಸುಲಭದ ದಾರಿಯಿಲ್ಲ. ಇದಲ್ಲದೆ ಮೆಟ್ರೋದಲ್ಲಿ ಒಬ್ಬರು ಒಂದು ದೊಡ್ಡ ಪೆಟ್ಟಿಗೆ ಮತ್ತು ಒಂದು ಸಣ್ಣ ಚೀಲವನ್ನು ಮಾತ್ರ ಒಯ್ಯಬಹುದು. ದೊಡ್ಡ ಪೆಟ್ಟಿಗೆಯ ಅಳತೆ 81×58×30 ಸೆಂಟಿಮೀಟರ್ ಮೀರಬಾರದು. ಹಗ್ಗ ಬಿಗಿದ ಕಾರ್ಟನ್ ಹಿಡಿದುಕೊಂಡು ಬೆಳಗಿನ ಕಚೇರಿ ವೇಳೆಯ ನೂಕುನುಗ್ಗಲಿನಲ್ಲಿ ಮೆಟ್ರೋ ಹತ್ತುವ ಯೋಚನೆ ಬೇಡ.

ಗಾಲಿಕುರ್ಚಿಯ ಸಹಾಯವನ್ನು ಅಮ್ಮನಿಗಾಗಿ ಈಗಲೇ ಕೋರಿಕೊಳ್ಳಿ. ಪ್ರಯಾಣಕ್ಕೆ ಕನಿಷ್ಠ 48 ಗಂಟೆ ಮೊದಲು ವಿಮಾನ ಸಂಸ್ಥೆಗೆ ತಿಳಿಸಿದರೆ ಮಂಗಳೂರಿನ ಬಜಪೆ ನಿಲ್ದಾಣದಲ್ಲಿಯೂ ದುಬೈಯಲ್ಲಿಯೂ ಸಹಾಯಕರು ಬರುತ್ತಾರೆ. ದುಬೈ ನಿಲ್ದಾಣದ ಒಳಗಿನ ನಡಿಗೆಯೇ ಬಹಳ ಇದೆ. ಅದನ್ನು ಉಳಿಸಿಕೊಂಡರೆ ಸಂಜೆಗೆ ಕಾಲಿನಲ್ಲಿ ಶಕ್ತಿ ಇರುತ್ತದೆ.

ಪೆರ್ಲದವಳು, ಈಗ ಕರಾಮ

ಅಕ್ಕ, ನಿಮ್ಮ ತಮ್ಮ ಇರುವ ಕರಾಮದಲ್ಲಿಯೇ ನಾನೂ ಇರುವುದರಿಂದ ಸ್ವಲ್ಪ ಸಲಿಗೆಯಿಂದ ಹೇಳುತ್ತೇನೆ. ವಿಮಾನದಿಂದ ಇಳಿದವರು ಪೆಟ್ಟಿಗೆಗಳ ಸಮೇತ ನೇರವಾಗಿ ಬುರ್ಜ್ ಖಲೀಫಾಕ್ಕೆ ಹೋಗಬೇಡಿ. ರಾತ್ರಿಯಿಡೀ ನಿದ್ದೆಗೆಟ್ಟು ಬಂದ ಹಿರಿಯರಿಗೆ ಬೆಳಗಿನ ಹೊತ್ತಿನಲ್ಲಿ ಅಲ್ಲಿ ನೋಡಲು ಸಿಗುವುದು ಕಡಿಮೆ. ಆ ಪ್ರದೇಶಕ್ಕೆ ಕಳೆ ಬರುವುದೇ ಸಂಜೆ. ಬುರ್ಜ್ ಖಲೀಫಾದ ಬುಡದ ಕೆರೆಯಲ್ಲಿರುವ ಕಾರಂಜಿಯ ಪ್ರದರ್ಶನಗಳು ಸಂಜೆ 6ರ ಮೇಲೆ ಅರ್ಧ ಗಂಟೆಗೊಮ್ಮೆ ನಡೆಯುತ್ತವೆ. 2025ರಲ್ಲಿ ಕೆಲವು ತಿಂಗಳು ದುರಸ್ತಿಗೆಂದು ಮುಚ್ಚಿದ್ದರು, ಅಕ್ಟೋಬರ್‌ನಿಂದ ಮತ್ತೆ ಆರಂಭವಾಗಿದೆ.

ವಿಮಾನ ನಿಲ್ದಾಣದ ಬಾಗಿಲಲ್ಲೇ ಟ್ಯಾಕ್ಸಿಗಳ ಸಾಲು ಇರುತ್ತದೆ. ಚೌಕಾಶಿಯಿಲ್ಲ, ಮೀಟರ್ ಮಾತ್ರ. ನಿಲ್ದಾಣದಿಂದ ಹತ್ತುವಾಗ ಮೀಟರ್ 25 ದಿರ್ಹಮ್‌ನಿಂದ ಆರಂಭವಾಗುತ್ತದೆ. ಸಾಲಿಕ್ ಎಂಬ ಸುಂಕದ ಕಮಾನನ್ನು ದಾಟಿದರೆ ಆ ಸುಂಕವೂ ಸೇರುತ್ತದೆ. ನಿಮಗೆ ಸಾಮಾನು ಹೆಚ್ಚಿರುವುದರಿಂದ ಸಾಲಿನ ಬಳಿ ನಿಂತಿರುವ ಸಿಬ್ಬಂದಿಗೆ ದೊಡ್ಡ ಗಾಡಿ ಬೇಕೆಂದು ಹೇಳಿ, ವ್ಯಾನ್ ಕಳುಹಿಸುತ್ತಾರೆ. ಹಣ ನಗದಾಗಿಯೂ ಕೊಡಬಹುದು, ಕಾರ್ಡ್‌ನಲ್ಲಿಯೂ ಕೊಡಬಹುದು. ಗುಲಾಬಿ ಬಣ್ಣದ ಮಾಡಿನ ಟ್ಯಾಕ್ಸಿಗಳನ್ನು ಹೆಂಗಸರೇ ಓಡಿಸುತ್ತಾರೆ, ಅವು ಹೆಂಗಸರಿಗೂ ಕುಟುಂಬಗಳಿಗೂ ಮೀಸಲು. ಭಾಷೆಯ ಬಗ್ಗೆ ನಮ್ಮ ಕಾಸರಗೋಡಿನವರಿಗೆ ಚಿಂತೆಯೇ ಬೇಡ. ಚಾಲಕರಲ್ಲಿ ಮಲಯಾಳ ಬಲ್ಲವರೂ ಇದ್ದಾರೆ, ಹಿಂದಿ ಬಲ್ಲವರಂತೂ ಎಲ್ಲೆಡೆ ಸಿಗುತ್ತಾರೆ. ಇಳಿಯುವಾಗ ರಸೀದಿ ಕೇಳಿ ಇಟ್ಟುಕೊಳ್ಳಿ. ಗಾಡಿಯಲ್ಲಿ ಏನಾದರೂ ಬಿಟ್ಟುಹೋದರೆ ಅದರಲ್ಲಿರುವ ಸಂಖ್ಯೆ ಹೇಳಿ ಸಾರಿಗೆ ಪ್ರಾಧಿಕಾರದ 8009090ಕ್ಕೆ ಕರೆ ಮಾಡಬಹುದು.

ಕರಾಮಕ್ಕೆ ಬಂದು ಸ್ನಾನ, ಊಟ, ಒಂದು ನಿದ್ದೆ ಮುಗಿಸಿ. ಇಲ್ಲಿ ನಮ್ಮ ಊರಿನ ಬಗೆಯ ಸಸ್ಯಾಹಾರಿ ಹೋಟೆಲುಗಳಿಗೆ ಕೊರತೆಯಿಲ್ಲ, ಅಪ್ಪನಿಗೆ ಬೆಳಗಿನ ತಿಂಡಿಯ ಯೋಚನೆ ಇರುವುದಿಲ್ಲ. ಮಧ್ಯಾಹ್ನದ ಮೇಲೆ ತಮ್ಮನೂ ಜೊತೆಗಿರುತ್ತಾನೆ. ಕರಾಮದಿಂದ ಬುರ್ಜ್ ಖಲೀಫಾ ಕಡೆಗೆ ಟ್ಯಾಕ್ಸಿಗೆ ಸಾಧಾರಣವಾಗಿ 20ರಿಂದ 25 ದಿರ್ಹಮ್ ಆಗುತ್ತದೆ.

ನೀರ್ಚಾಲಿನ ಓದುಗಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಟಿಕೆಟ್ ತೆಗೆದು ನೋಡಿದೆ, ಟರ್ಮಿನಲ್ 2 ಎಂದೇ ಇದೆ. ಆದ್ದರಿಂದ ನಿಲ್ದಾಣದಿಂದ ಕರಾಮಕ್ಕೆ ಟ್ಯಾಕ್ಸಿ ಎಂಬುದು ತೀರ್ಮಾನವಾಯಿತು. ಬೆಳಿಗ್ಗೆಯೇ ಹೋಗಬೇಕೆಂದಿದ್ದ ಅಪ್ಪನೂ ಕಾರಂಜಿಯ ವಿಷಯ ಕೇಳಿದ ಮೇಲೆ ಸಂಜೆಗೆ ಒಪ್ಪಿದ್ದಾರೆ.

ಈಗ ಉಳಿದಿರುವುದು ಸಂಜೆಯ ದಾರಿ. ಅಪ್ಪನಿಗೆ ಚಾಲಕನಿಲ್ಲದ ಮೆಟ್ರೋದಲ್ಲಿಯೂ ಒಮ್ಮೆ ಕುಳಿತುಕೊಳ್ಳಬೇಕೆಂಬ ಉತ್ಸಾಹ, ಮಗನಿಗೂ ಅಷ್ಟೇ. ಅಮ್ಮನಿಗೆ ಆ ಸೇತುವೆಯ ನಡಿಗೆ ಸಾಧ್ಯವಿಲ್ಲ. ಎರಡನ್ನೂ ಹೊಂದಿಸುವ ಬಗೆ ಇದೆಯೇ? ಟ್ಯಾಕ್ಸಿಯಲ್ಲಿ ಹೋದರೆ ಎಲ್ಲಿ ಇಳಿಯಬೇಕು? ಹಾಗೆಯೇ, ಅಪ್ಪನಿಗೆ ಊಟದ ಮೇಲೆ ಎಲೆಯಡಿಕೆ ಹಾಕುವ ಅಭ್ಯಾಸವಿದೆ. ಅದಕ್ಕೆ ಅಲ್ಲಿ ಅಡ್ಡಿಯಿದೆಯೇ?

ಪೆರ್ಲದವಳು, ಈಗ ಕರಾಮ

ಕೊನೆಯ ಪ್ರಶ್ನೆಗೆ ಮೊದಲ ಉತ್ತರ. ವೀಳ್ಯದೆಲೆ, ಪಾನ್ ಮುಂತಾದವುಗಳನ್ನು ಈ ದೇಶದೊಳಗೆ ತರುವುದು ನಿಷಿದ್ಧ. ಎಲೆಯಡಿಕೆಯ ಚೀಲವನ್ನು ನೀರ್ಚಾಲಿನ ಮನೆಯಲ್ಲಿಯೇ ಇಟ್ಟು ಬರಲಿ. ಪೆಟ್ಟಿಗೆಯಲ್ಲಿ ಗಸಗಸೆಯೂ ಇರಕೂಡದು. ಪಾಯಸಕ್ಕೆಂದು ಒಂದು ಹಿಡಿ ಕಟ್ಟಿ ಕಳುಹಿಸುವ ಅಮ್ಮಂದಿರಿಗೆ ಅದು ಇಲ್ಲಿ ಮಾದಕ ಪದಾರ್ಥದ ಪಟ್ಟಿಯಲ್ಲಿದೆ ಎಂಬುದು ತಿಳಿದಿರುವುದಿಲ್ಲ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಇಳಿಯುವ ಸ್ಥಳದ ಬಗ್ಗೆ: ‘ಬುರ್ಜ್ ಖಲೀಫಾ’ ಎಂದಷ್ಟೇ ಹೇಳಿದರೆ ಚಾಲಕ ಕಟ್ಟಡದ ನಿವಾಸಿಗಳ ಅಥವಾ ಹೋಟೆಲಿನ ಬಾಗಿಲಿಗೆ ಒಯ್ಯಬಹುದು. ಪ್ರವಾಸಿಗರಿಗೆ ಅಲ್ಲಿಂದ ಒಳಗೆ ದಾರಿಯಿಲ್ಲ. ‘ದುಬೈ ಮಾಲ್’ ಎಂದರೂ ಸಾಲದು, ಏಕೆಂದರೆ ಅದಕ್ಕೆ ಹಲವು ಬಾಗಿಲುಗಳಿದ್ದು, ಒಂದರಿಂದ ಇನ್ನೊಂದಕ್ಕೆ ಬಹಳ ನಡೆಯಬೇಕಾಗುತ್ತದೆ. ಮೇಲಿನ ವೀಕ್ಷಣಾ ಅಂತಸ್ತಿಗೆ ಹೋಗುವುದಿಲ್ಲ, ಕಾರಂಜಿ ಮತ್ತು ಕಟ್ಟಡವನ್ನು ಹೊರಗಿನಿಂದ ನೋಡಿದರೆ ಸಾಕು ಎಂದಾದರೆ ‘ಸೂಕ್ ಅಲ್ ಬಹರ್’ ಎಂದು ಹೇಳಿ. ಮಾಲ್‌ನ ಎದುರು ದಡದಲ್ಲಿರುವ ಅಂಗಡಿಗಳ ಸಮುಚ್ಚಯ ಅದು. ಅದರೊಳಗಿನಿಂದ ಹಾದು ಆಚೆಗೆ ಬಂದರೆ ಕೆರೆಯ ಅಂಚಿನಲ್ಲಿಯೇ ಇರುತ್ತೀರಿ. ಕಾರಂಜಿ ಕಣ್ಣೆದುರಿಗೇ, ಬುರ್ಜ್ ಖಲೀಫಾ ಅದರಾಚೆಗೆ ಬುಡದಿಂದ ತುದಿಯವರೆಗೆ ಕಾಣುತ್ತದೆ. ಇಲ್ಲಿಗೆ ಊರಿನಿಂದ ಬರುವ ಹಿರಿಯರನ್ನು ನಾನು ಕರೆದುಕೊಂಡು ಹೋಗುವುದು ಹೀಗೆಯೇ. ಅಲ್ಲಿಂದ ಮಾಲ್‌ಗೆ ಕೆರೆಯ ಮೇಲೆ ಒಂದು ಸಣ್ಣ ಸೇತುವೆಯಿದೆ. ಅಮ್ಮನಿಗೆ ಆಯಾಸವಿಲ್ಲದಿದ್ದರೆ ದಾಟಬಹುದು, ಇಲ್ಲದಿದ್ದರೆ ಈಚೆಗೇ ಕುಳಿತು ಕಾಫಿ ಕುಡಿಯಬಹುದು.

ಉಪ್ಪಳದವ, ದೇರಾದಲ್ಲಿ ವಾಸ

ಮಾಸ್ತರರಿಗೂ ಮೊಮ್ಮಗನಿಗೂ ಮೆಟ್ರೋದ ಆಸೆ ಇರುವುದಾದರೆ ಅದಕ್ಕೊಂದು ದಾರಿ ಹೇಳುತ್ತೇನೆ. ಕರಾಮದವರಿಗೆ ಹತ್ತಿರದ ನಿಲ್ದಾಣ ಎಡಿಸಿಬಿ. ಅದೂ ಕೆಂಪು ಮಾರ್ಗದಲ್ಲೇ ಇದೆ, ಅದೂ 6ನೆಯ ವಲಯವೇ. ಅಲ್ಲಿಂದ ಬುರ್ಜ್ ಖಲೀಫಾ ನಿಲ್ದಾಣಕ್ಕೆ ಬೆಳ್ಳಿ ಕಾರ್ಡಿನಲ್ಲಿ 3 ದಿರ್ಹಮ್ ಮಾತ್ರ. ಮಾಸ್ತರರು, ಮಗ ಮತ್ತು ತಮ್ಮ ಮೆಟ್ರೋದಲ್ಲಿ ಹೋಗಲಿ, ನೀವು ಅಮ್ಮನನ್ನು ಕರೆದುಕೊಂಡು ಟ್ಯಾಕ್ಸಿಯಲ್ಲಿ ಹೋಗಿ. ಒಂದು ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಂಡು ಅಲ್ಲಿ ಸೇರಿಕೊಳ್ಳಿ.

ಹೋಗುವಾಗ ಮಾಸ್ತರರನ್ನು ಎಡಗಡೆಯ ಕಿಟಕಿಯ ಬಳಿ ಕೂರಿಸಿ. ರೈಲು ವರ್ಲ್ಡ್ ಟ್ರೇಡ್ ಸೆಂಟರ್ ನಿಲ್ದಾಣ ಬಿಟ್ಟ ಮೇಲೆ ಶೇಖ್ ಜಾಯದ್ ರಸ್ತೆಯ ಉದ್ದಕ್ಕೂ ಎತ್ತರದ ಹಳಿಯ ಮೇಲೆ ಸಾಗುತ್ತದೆ. ಎಮಿರೇಟ್ಸ್ ಟವರ್ಸ್, ಫೈನಾನ್ಶಿಯಲ್ ಸೆಂಟರ್ ಕಳೆದಂತೆ ಕಟ್ಟಡಗಳ ಸಂದಿಯಲ್ಲಿ ಆ ಗೋಪುರ ಒಮ್ಮೆ ಕಾಣುತ್ತದೆ, ಒಮ್ಮೆ ಮರೆಯಾಗುತ್ತದೆ, ಮತ್ತೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. 828 ಮೀಟರ್ ಎಂಬ ಅಂಕಿಯನ್ನು ಎಷ್ಟೋ ವರ್ಷಗಳ ಹಿಂದೆ ಓದಿಟ್ಟುಕೊಂಡವರಿಗೆ ಅದರ ಅರ್ಥ ಆಗುವುದು ಈ ಎರಡು ನಿಲ್ದಾಣಗಳ ನಡುವೆ. ಟ್ಯಾಕ್ಸಿಯಲ್ಲಿ ಕುಳಿತವರಿಗೆ ಮಾಡು ಅಡ್ಡ ಬರುತ್ತದೆ.

ಸಂಜೆ 5ರಿಂದ 8ರವರೆಗೆ ನೂಕುನುಗ್ಗಲು ಇರುವುದರಿಂದ ನಾಲ್ಕು ಗಂಟೆಯ ಒಳಗೆ ಹೊರಡುವುದು ಒಳ್ಳೆಯದು. ಕುಳಿತೇ ಹೋಗಬೇಕೆಂದಾದರೆ ರೈಲಿನ ಒಂದು ತುದಿಯಲ್ಲಿ ಗೋಲ್ಡ್ ಡಬ್ಬಿಯಿದೆ, ಟಿಕೆಟ್ ದರ ದುಪ್ಪಟ್ಟು. ಅದಕ್ಕೆ ಬೇರೆ ಕಾರ್ಡ್ ಬೇಕು, ಸಾಮಾನ್ಯ ಕಾರ್ಡ್ ತೋರಿಸಿ ಅದರೊಳಗೆ ಹತ್ತಿದರೆ ದಂಡ ಬೀಳುತ್ತದೆ.

ಮುಳ್ಳೇರಿಯದ ಹಿರಿಯ

ಉಪ್ಪಳದವರ ಈ ಸಲಹೆ ನನಗೆ ಬಹಳ ಹಿಡಿಸಿತು. ಎಲ್ಲರೂ ಒಂದೇ ವಾಹನದಲ್ಲಿ ಹೋಗಲೇಬೇಕೆಂಬ ಹಟದಿಂದಲೇ ಅನೇಕ ಕುಟುಂಬಗಳಲ್ಲಿ ಹೆಂಗಸರು ನೋವು ನುಂಗಿಕೊಂಡು ನಡೆಯುತ್ತಾರೆ.

ಮಾಸ್ತರರು ಮೇಲಕ್ಕೂ ಹೋಗುವವರಾದರೆ ಒಂದು ಮಾತು. ಟಿಕೆಟ್‌ಗೆ ವೇಳೆ ನಿಗದಿಯಾಗಿರುತ್ತದೆ, ಅಂತರ್ಜಾಲದಲ್ಲಿ ಮೊದಲೇ ಕಾದಿರಿಸಬೇಕು. ಸೂರ್ಯಾಸ್ತದ ಹೊತ್ತಿನ ಟಿಕೆಟ್‌ಗೆ ದರ ಹೆಚ್ಚು. ಡಿಸೆಂಬರ್ ಆರಂಭದಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸಂಜೆ ಐದೂವರೆಯ ಸುಮಾರಿಗೆ. 124 ಮತ್ತು 125ನೆಯ ಅಂತಸ್ತುಗಳ ಟಿಕೆಟ್ ಒಂದು ಬಗೆ, 148ನೆಯದು ಇನ್ನೊಂದು ಬಗೆ ಮತ್ತು ಹೆಚ್ಚು ದುಬಾರಿ. ಮೊದಲನೆಯದೇ ಧಾರಾಳವಾಯಿತು. 124ನೆಯ ಅಂತಸ್ತಿಗೆ ಲಿಫ್ಟ್ ಸುಮಾರು ಒಂದು ನಿಮಿಷದಲ್ಲಿ ಏರುತ್ತದೆ, ಕಿವಿ ಮುಚ್ಚಿಕೊಂಡಂತಾಗುತ್ತದೆ, ಅದಕ್ಕೆ ಗಾಬರಿಪಡಬೇಕಾಗಿಲ್ಲ. ಮೇಲೆ ಹೋಗುವವರು ಸೂಕ್ ಅಲ್ ಬಹರ್‌ನಲ್ಲಿ ಇಳಿಯದೆ ಮಾಲ್‌ನಲ್ಲಿ ಇಳಿಯಬೇಕು. ಮಾಲ್‌ನ ಮಾಹಿತಿ ಕೌಂಟರಿನಲ್ಲಿ ಕೇಳಿದರೆ ಗಾಲಿಕುರ್ಚಿ ಕೊಡುತ್ತಾರೆ. ಕೇಳಲು ಯಾವ ಸಂಕೋಚವೂ ಬೇಡ. ನನ್ನ ಪತ್ನಿ ಮೊದಲು ಬೇಡವೆಂದಳು, ಕುಳಿತ ಮೇಲೆ ಮಾಲ್‌ನ ಅಕ್ವೇರಿಯಮ್ಮಿನ ಎದುರು ಬಹಳ ಹೊತ್ತು ನೆಮ್ಮದಿಯಿಂದ ಮೀನುಗಳನ್ನು ನೋಡಿದಳು. ಅದರ ದೊಡ್ಡ ಗಾಜಿನ ಗೋಡೆಯನ್ನು ಹೊರಗಿನಿಂದ ನೋಡಲು ಟಿಕೆಟ್ ಬೇಕಾಗಿಲ್ಲ.

ಪೆರ್ಲದವಳು, ಈಗ ಕರಾಮ

ಹೋಗುವ ದಾರಿಯ ಬಗ್ಗೆಯೇ ಎಲ್ಲರೂ ಹೇಳಿದ್ದಾರೆ, ಹಿಂದಿರುಗುವ ದಾರಿಯನ್ನು ಯಾರೂ ಹೇಳಲಿಲ್ಲ. ನಿಜವಾದ ಪರೀಕ್ಷೆ ಇರುವುದು ಅಲ್ಲಿ. ಪ್ರತಿಯೊಂದು ಪ್ರದರ್ಶನ ಮುಗಿದಾಗಲೂ, ತೇರು ನಿಂತ ಮೇಲೆ ಜಾತ್ರೆಯ ಜನ ಒಮ್ಮೆಲೇ ಬಸ್ಸಿನ ಕಡೆಗೆ ನುಗ್ಗುವ ಹಾಗೆ, ಜನ ಮಾಲ್‌ನ ಒಳಗೆ ನುಗ್ಗುತ್ತಾರೆ. ಅವರಲ್ಲಿ ಅರ್ಧದಷ್ಟು ಮಂದಿ ಮೆಟ್ರೋ ಸೇತುವೆಗೆ, ಇನ್ನರ್ಧ ಟ್ಯಾಕ್ಸಿ ಸಾಲಿಗೆ. ವಾರಾಂತ್ಯದಲ್ಲಿ, ಅಂದರೆ ಇಲ್ಲಿ ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ, ಟ್ಯಾಕ್ಸಿಗೆ ಬಹಳ ಹೊತ್ತು ನಿಂತು ಕಾಯಬೇಕಾಗುತ್ತದೆ. ಸಾಧ್ಯವಾದರೆ ವಾರದ ನಡುವಿನ ದಿನ ಆರಿಸಿ. ಒಂದು ಪ್ರದರ್ಶನ ನೋಡಿ, ಊಟ ಮುಗಿಸಿ, ಮುಂದಿನ ಪ್ರದರ್ಶನ ನಡೆಯುತ್ತಿರುವಾಗಲೇ ಹೊರಡಿ. ಆಗ ಸಾಲು ಖಾಲಿಯಿರುತ್ತದೆ. ಕರೀಮ್ ಎಂಬ ಆ್ಯಪ್ ತಮ್ಮನ ಮೊಬೈಲಿನಲ್ಲಿ ಇದ್ದರೆ ಅದರಲ್ಲಿಯೇ ಹಲಾ ಟ್ಯಾಕ್ಸಿ ಕರೆಸಿಕೊಳ್ಳಬಹುದು.

ಮಂಜೇಶ್ವರದ ಓದುಗ

ಈ ಚರ್ಚೆ ನಮಗೂ ಬಹಳ ಉಪಯುಕ್ತವಾಯಿತು. ನಾವು ಡಿಸೆಂಬರ್ 31ರಂದೇ ಬುರ್ಜ್ ಖಲೀಫಾದ ಪಟಾಕಿ ಪ್ರದರ್ಶನ ನೋಡಬೇಕೆಂದಿದ್ದೇವೆ. ಮಧ್ಯಾಹ್ನ ದುಬೈಗೆ ಇಳಿಯುವ ವಿಮಾನ ನಮ್ಮದು. ಅದೇ ದಿನ ಸಂಜೆ ಅಲ್ಲಿಗೆ ತಲುಪಬಹುದೇ?

ಉಪ್ಪಳದವ, ದೇರಾದಲ್ಲಿ ವಾಸ

ಮಂಜೇಶ್ವರದವರೇ, ಆ ಒಂದು ದಿನ ಮೇಲೆ ಹೇಳಿದ ಯಾವ ಲೆಕ್ಕವೂ ನಡೆಯುವುದಿಲ್ಲ. ಈಚಿನ ವರ್ಷಗಳಲ್ಲಿ ಆ ದಿನ ಸಂಜೆ ಸುಮಾರು 5 ಗಂಟೆಗೇ ಬುರ್ಜ್ ಖಲೀಫಾ/ದುಬೈ ಮಾಲ್ ಮೆಟ್ರೋ ನಿಲ್ದಾಣವನ್ನು ಮುಚ್ಚುತ್ತಾರೆ. ಜನ ತುಂಬಿದರೆ ಅದಕ್ಕೂ ಮೊದಲೇ ಮುಚ್ಚುವುದುಂಟು. ಸುತ್ತಲಿನ ರಸ್ತೆಗಳನ್ನೂ ಸಂಜೆಯಿಂದ ಒಂದೊಂದಾಗಿ ಬಂದ್ ಮಾಡುವುದರಿಂದ ಟ್ಯಾಕ್ಸಿಯೂ ಒಳಗೆ ಹೋಗುವುದಿಲ್ಲ. ಒಳಗೆ ಸೇರಿಕೊಂಡವರು ನಡುರಾತ್ರಿಯವರೆಗೆ ನಿಂತೇ ಇರಬೇಕು, ಮುಗಿದ ಮೇಲೆ ಬಹಳ ದೂರ ನಡೆಯಬೇಕು. ಮಧ್ಯಾಹ್ನ ಇಳಿದವರು, ಅದರಲ್ಲೂ ಮಕ್ಕಳು ಮತ್ತು ಹಿರಿಯರಿರುವವರು ಆ ಸಾಹಸಕ್ಕೆ ಇಳಿಯಬೇಡಿ. ಶೇಖ್ ಜಾಯದ್ ರಸ್ತೆಯ ಆಚೆ ಬದಿಯ ಬಡಾವಣೆಗಳಿಂದ, ಜುಮೇರಾ ಕಡಲ ತೀರದಿಂದ ಕೂಡ ಗೋಪುರದ ಮೇಲ್ಭಾಗ ಚೆನ್ನಾಗಿ ಕಾಣುತ್ತದೆ. ಅಲ್ಲಿ ನೋಡಿ ತೃಪ್ತಿಪಟ್ಟು, ಬುಡಕ್ಕೆ ಬೇರೊಂದು ದಿನ ಹೋಗಿ.

ಕುಂಬಳೆಯವ

ನಮ್ಮ ಟಿಕೆಟ್ ಕಣ್ಣೂರಿನಿಂದ ಶಾರ್ಜಾಕ್ಕೆ. ಶಾರ್ಜಾದಲ್ಲಿ ಇಳಿದವರು ಬುರ್ಜ್ ಖಲೀಫಾಕ್ಕೆ ಹೋಗುವ ದಾರಿಯನ್ನೂ ತಿಳಿಸಿದರೆ ಉಪಕಾರವಾಗುತ್ತದೆ. ನಾವು ಇಬ್ಬರೇ, ಸಾಮಾನು ಹೆಚ್ಚಿಲ್ಲ.

ಹೊಸಂಗಡಿಯ ಟಿಕೆಟ್ ಕೆಲಸದವ

ಶಾರ್ಜಾ ವಿಮಾನ ನಿಲ್ದಾಣಕ್ಕೆ ಮೆಟ್ರೋ ಇಲ್ಲ. ಟಿಕೆಟ್ ಅಗ್ಗವೆಂದು ಅಲ್ಲಿಗೆ ಹೋಗುವವರು ರಸ್ತೆಯ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು, ಏಕೆಂದರೆ ಒಂದು ಎಮಿರೇಟ್‌ನಿಂದ ಇನ್ನೊಂದಕ್ಕೆ ಹೋಗುವ ಟ್ಯಾಕ್ಸಿಗೆ ಬಾಡಿಗೆ ಹೆಚ್ಚು. ಬೆಳಿಗ್ಗೆ ಶಾರ್ಜಾದಿಂದ ದುಬೈ ಕಡೆಗೂ, ಸಂಜೆ ದುಬೈಯಿಂದ ಶಾರ್ಜಾ ಕಡೆಗೂ ವಾಹನಗಳ ದಟ್ಟಣೆ ವಿಪರೀತವಾಗಿರುತ್ತದೆ. ಬೆಳಿಗ್ಗೆ ಇಳಿಯುವವರು ಟ್ಯಾಕ್ಸಿಯನ್ನು ನೇರವಾಗಿ ಬುರ್ಜ್ ಖಲೀಫಾಕ್ಕೆ ಬಿಡದೆ, ಕೆಂಪು ಮಾರ್ಗದ ತುದಿಯಲ್ಲಿರುವ ಸೆಂಟರ್‌ಪಾಯಿಂಟ್ ಮೆಟ್ರೋ ನಿಲ್ದಾಣದವರೆಗೆ ಮಾತ್ರ ಗೊತ್ತುಮಾಡಿಕೊಳ್ಳಿ. ರೈಲು ಅಲ್ಲಿಂದಲೇ ಹೊರಡುವುದರಿಂದ ಕುಳಿತುಕೊಳ್ಳಲು ಜಾಗವೂ ಸಿಗುತ್ತದೆ, ಬೆಳ್ಳಿ ಕಾರ್ಡಿಗೆ 5 ದಿರ್ಹಮ್ ಸಾಕು.

ನೀರ್ಚಾಲಿನ ಓದುಗಿ

ತಮ್ಮನೊಂದಿಗೆ ಮಾತಾಡಿ ಎಲ್ಲವನ್ನೂ ನಿಶ್ಚಯಿಸಿದೆವು. ಇಳಿದ ದಿನ ಕರಾಮದಲ್ಲಿಯೇ ವಿಶ್ರಾಂತಿ. ಮರುದಿನ ಬುಧವಾರ, ಮಧ್ಯಾಹ್ನ ಮೂರೂವರೆಗೆ ಅಪ್ಪ, ಮಗ, ತಮ್ಮ ಎಡಿಸಿಬಿ ನಿಲ್ದಾಣದಿಂದ ಮೆಟ್ರೋದಲ್ಲಿ, ನಾನು ಮತ್ತು ಅಮ್ಮ ಟ್ಯಾಕ್ಸಿಯಲ್ಲಿ ಸೂಕ್ ಅಲ್ ಬಹರ್‌ಗೆ. ಅಪ್ಪನಿಗೂ ಮಗನಿಗೂ ಐದು ಗಂಟೆಯ ವೇಳೆಗೆ 124ನೆಯ ಅಂತಸ್ತಿನ ಟಿಕೆಟ್ ಕಾದಿರಿಸಿದ್ದೇವೆ. ಅಮ್ಮ ಮೇಲಕ್ಕೆ ಬರುವುದಿಲ್ಲ, ಕೆರೆಯ ಬದಿಯಲ್ಲಿ ಕುಳಿತಿರುತ್ತೇನೆ ಎಂದಿದ್ದಾರೆ. ವಿಮಾನ ಸಂಸ್ಥೆಗೆ ಗಾಲಿಕುರ್ಚಿಯ ಕೋರಿಕೆಯನ್ನು ಇವತ್ತೇ ಕಳುಹಿಸಿದೆ, ಕಾರ್ಟನ್ ಬಿಚ್ಚಿ ಗಸಗಸೆಯ ಪೊಟ್ಟಣವನ್ನು ಹೊರಗೆ ತೆಗೆದೂ ಆಯಿತು.